ಮೆಲನೋಮ ಎಂದರೇನು? ಅದರ ಅಪಾಯವನ್ನು ತಗ್ಗಿಸಿಕೊಳ್ಳುವುದು ಹೇಗೆ?

ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ವರ್ಣದ್ರವ್ಯವನ್ನು ತಯಾರಿಸುವ ಮೆಲನೊಸೈಟ್ ಕೋಶಗಳು ಹತೋಟಿ ತಪ್ಪಿ ಬೆಳೆಯುವುದರಿಂದ ಬರುವ ಚರ್ಮದ ಕ್ಯಾನ್ಸರೇ ಮೆಲನೋಮ. ಚರ್ಮದ ಇತರ ಸಾಮಾನ್ಯ ಕ್ಯಾನ್ಸರ್‌ಗಳಿಗಿಂತ ಇದು ವಿರಳವಾದರೂ, ದುಗ್ಧರಸ ಗ್ರಂಥಿ (ಲಿಂಫ್ ನೋಡ್), ಶ್ವಾಸಕೋಶ, ಮಿದುಳಿಗೆ ಹರಡಬಲ್ಲ ಗುಣದಿಂದಾಗಿ ಅವುಗಳಿಗಿಂತ ಹೆಚ್ಚು ಮಾರಕ.

ಬಿಸಿಲಿನ ನೇರಳಾತೀತ ಕಿರಣಗಳು ಈ ಕೋಶಗಳ ಡಿಎನ್‌ಎಗೆ ಮಾಡುವ ಹಾನಿಯೇ ಬಹುಪಾಲು ಪ್ರಕರಣಗಳಿಗೆ ಕಾರಣ. ಬೆಳ್ಳಗಿನ ಮೈಬಣ್ಣದವರಿಗೆ, ಬಹಳ ಮಚ್ಚೆಗಳಿರುವವರಿಗೆ, ಕುಟುಂಬದಲ್ಲಿ ಈ ರೋಗವಿದ್ದವರಿಗೆ ಅಪಾಯ ಹೆಚ್ಚು. ಹಾಗೆಂದು ಕಪ್ಪು ಮೈಬಣ್ಣದವರಿಗೆ ಇದು ಬರುವುದೇ ಇಲ್ಲ ಎಂಬ ನಂಬಿಕೆ ತಪ್ಪು, ಮತ್ತು ಈ ತಪ್ಪು ನಂಬಿಕೆ ಜೀವಕ್ಕೇ ಎರವಾಗಬಹುದು. ಅವರಲ್ಲಿ ಇದು ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನಡಿ, ಅಂದರೆ ಬಿಸಿಲು ಅಷ್ಟಾಗಿ ತಾಗದ ಜಾಗಗಳಲ್ಲಿ ಕಾಣಿಸಿಕೊಳ್ಳುತ್ತದೆ. ಉದಾಹರಣೆಗೆ, ಜಮೈಕಾದ ಗಾಯಕ ಬಾಬ್ ಮಾರ್ಲಿ ಅವರನ್ನು 1981ರಲ್ಲಿ ಬಲಿ ತೆಗೆದುಕೊಂಡ ಮೆಲನೋಮ ಶುರುವಾದದ್ದು ಕಾಲ್ಬೆರಳಿನಲ್ಲಿ.

ನಡುಹಗಲಿನ ಬಿಸಿಲನ್ನು ತಪ್ಪಿಸುವುದು, ಮೈ ಮುಚ್ಚುವ ಬಟ್ಟೆ ಮತ್ತು ಅಗಲ ಅಂಚಿನ ಟೋಪಿ ಧರಿಸುವುದು, ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಮಟ್ಟ ಸೂಚಿಸುವ ಅಂಕಿ) 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಅನ್ನು ಹೊರಗಿರುವಾಗ 2 ಗಂಟೆಗೊಮ್ಮೆ ಹಚ್ಚುವುದು ರಕ್ಷಣೆಯ ದಾರಿಗಳು. ಮೈಬಣ್ಣ ಕಂದಾಗಿಸುವ ಟ್ಯಾನಿಂಗ್ ಯಂತ್ರಗಳನ್ನಂತೂ ಬಳಸಲೇಬಾರದು.

ತಿಂಗಳಿಗೊಮ್ಮೆ ಮೈಯನ್ನು ಪೂರ್ತಿ ನೋಡಿಕೊಳ್ಳಿ. ಎರಡು ಬದಿ ಹೊಂದಿಕೆಯಾಗದ, ಅಂಚು ಅಂಕುಡೊಂಕಾದ, ಹಲವು ಬಣ್ಣ ಬೆರೆತ, 6 ಮಿಲಿಮೀಟರ್‌ಗಿಂತ ದೊಡ್ಡದಾದ ಅಥವಾ ಬದಲಾಗುತ್ತಿರುವ ಮಚ್ಚೆ ಕಂಡರೆ, ನೋವಿಲ್ಲದಿದ್ದರೂ ದಯವಿಟ್ಟು ತಡಮಾಡದೆ ಚರ್ಮವೈದ್ಯರಿಗೆ ತೋರಿಸಿ. ಆರಂಭದಲ್ಲೇ ಪತ್ತೆಯಾದ ಮೆಲನೋಮವನ್ನು ಬಹುತೇಕ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯಿಂದಲೇ ಪೂರ್ತಿ ಗುಣಪಡಿಸಬಹುದು.