ಓದುಗರ ಪ್ರಶ್ನೆ: ಕೋಚ್ ಬದಲಾದರು, ಹುಡುಗ ಹಿಂದಕ್ಕೆ ಬಂದ

ಪ್ರಶ್ನೆ: ನಾವು ಗದಗ ಕಡೆಯವರು, ಗೋವಾದ ವಾಸ್ಕೋದ ಝುವಾರಿನಗರದಲ್ಲಿದ್ದೇವೆ. ಫುಟ್‌ಬಾಲ್ ಆಡುವ ಮಗನಿಗೆ 16 ವರ್ಷ. ಹೋದ ವರ್ಷ ಸ್ಟ್ರೈಕರ್ ಹಿಂದೆಯೇ ಆಡಿ ಗೋಲು ಹೊಡೆಯುತ್ತಿದ್ದ. ಈ ವರ್ಷ ಬಂದ ಕೋಚ್ 4-4-2 (ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್) ಆಡಿಸುತ್ತಾರೆ, ಇವನನ್ನು ಡಿಫೆನ್ಸ್ ಮುಂದೆ ನಿಲ್ಲಿಸಿದ್ದಾರೆ. ಗೋಲು ನಿಂತೇ ಹೋಯಿತು, ಮೇಲಾಗಿ ನಡುವೆಯೇ ಚೆಂಡು ಕಳೆದುಕೊಳ್ಳುತ್ತಾನೆ. ಅವನ ನಿಜವಾದ ಜಾಗ ಯಾವುದು? ಕೋಚ್ ಹತ್ತಿರ ನಾನು ಮಾತಾಡಲೇ?

ಉತ್ತರ: ‘ನಿಜವಾದ ಜಾಗ’ ಅನ್ನುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮಿಡ್‌ಫೀಲ್ಡರ್ ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಅರ್ಧ ಅವನ ಆಟ, ಇನ್ನರ್ಧ ಕೋಚ್ ಅವನ ಪಕ್ಕ ಯಾರನ್ನು ನಿಲ್ಲಿಸಿದ್ದಾರೆ ಅನ್ನುವುದು. ಫ್ರಾನ್ಸ್‌ನ ಮಿಡ್‌ಫೀಲ್ಡರ್ ಕಾಂತೆಯನ್ನೇ ನೋಡಿ. 2015-16ರಲ್ಲಿ ಕೋಚ್ ರನಿಯೇರಿ ಇಂಗ್ಲೆಂಡಿನ ಲೆಸ್ಟರ್ ತಂಡದಲ್ಲಿ ಅವನನ್ನು ಮಧ್ಯದ ಇಬ್ಬರಲ್ಲಿ ಒಬ್ಬನಾಗಿ ಆಡಿಸಿ ಲೀಗ್ ಗೆದ್ದರು. ಮರುವರ್ಷ ಚೆಲ್ಸಿಯಲ್ಲಿ ಕೊಂಟೆಯೂ ಹಾಗೆಯೇ ಆಡಿಸಿ ಗೆದ್ದರು (ಕಾಂತೆ ಆಟಗಾರ, ಕೊಂಟೆ ಕೋಚ್). 2018ರಲ್ಲಿ ಚೆಲ್ಸಿಗೆ ಕೋಚ್ ಆಗಿ ಸಾರಿ ಬಂದರು. ನಪೋಲಿಯಿಂದ ಜೊತೆಗೆ ಕರೆತಂದ ಜೊರ್ಜಿನ್ಯೊಗೆ ನಡುವಿನ ಜಾಗ ಕೊಟ್ಟು, ಕಾಂತೆಯನ್ನು ಮೂವರಲ್ಲಿ ಬಲಕ್ಕೆ, ಇನ್ನಷ್ಟು ಮುಂದಕ್ಕೆ ಕಳಿಸಿದರು. ಆಟಗಾರ ಅದೇ, ಕೋಚ್‌ಗೆ ಬೇಕಾದದ್ದು ಬೇರೆ. ಸಾರಿಗೆ ನಡುವಿನವನಿಂದ ಬೇಕಿದ್ದುದು ಚೆಂಡು ಬಂದ ಕ್ಷಣವೇ ಹೊರಡುವ ಪಾಸ್.

ನಿಮ್ಮೂರಿನ ಹತ್ತಿರದ್ದೇ ಬೇಕೆಂದರೆ ಲೊಬೇರಾ ಕೋಚ್ ಆಗಿದ್ದಾಗಿನ ಎಫ್‌ಸಿ ಗೋವಾ ನೆನಪಿಸಿಕೊಳ್ಳಿ. ಜಾಹು ಹಿಂದೆ ನಿಂತು ಉದ್ದ ಪಾಸ್ ಬಿಡುತ್ತಿದ್ದ, ಮುಂದೆ ಬೂಮೂಸ್‌ಗೆ ಓಡಾಡಲು ಸ್ವಾತಂತ್ರ್ಯ. 2020ರಲ್ಲಿ ಲೊಬೇರಾ ಮುಂಬೈ ಸಿಟಿಗೆ ಹೋದರು, ಇವರಿಬ್ಬರೂ ಅಲ್ಲಿಗೇ ಹೋದರು. ಆ ಸೀಸನ್‌ನಲ್ಲಿ ಮುಂಬೈ ಇಂಡಿಯನ್ ಸೂಪರ್ ಲೀಗ್‌ನ ಶೀಲ್ಡ್ (ಲೀಗ್ ಹಂತದ ಮೊದಲ ಸ್ಥಾನಕ್ಕೆ) ಮತ್ತು ಕಪ್ (ಫೈನಲ್ ಗೆದ್ದವರಿಗೆ) ಎರಡನ್ನೂ ಗೆದ್ದಿತು. ಫೈನಲ್ ನಡೆದದ್ದು ಫತೋರ್ಡಾದಲ್ಲೇ.

ಇನ್ನು ಚೆಂಡು ಕಳೆದುಕೊಳ್ಳುವುದು. ಸ್ಟ್ರೈಕರ್ ಹಿಂದೆ ಆಡುವಾಗ ಮೂರರಲ್ಲಿ ಒಂದು ಹೋದರೂ ಯಾರೂ ಕೇಳುವುದಿಲ್ಲ. ಡಿಫೆನ್ಸ್ ಮುಂದೆ ಒಂದು ಹೋದರೆ ಎದುರಾಳಿಗೆ ಎರಡೇ ಪಾಸ್‌ನಲ್ಲಿ ಗೋಲು. ಅಲ್ಲದೆ ಈಗ ಚೆಂಡು ಅವನಿಗೆ ಬರುವುದು ತಮ್ಮದೇ ಸೆಂಟರ್ ಬ್ಯಾಕ್‌ನಿಂದ (ಡಿಫೆನ್ಸ್‌ನ ನಡುವೆ ನಿಲ್ಲುವವನು), ಅಂದರೆ ಬೆನ್ನು ಎದುರಾಳಿ ಕಡೆಗಿರುತ್ತದೆ. ಚೆಂಡು ಕಾಲಿಗೆ ಬಂದ ಮೇಲೆ ತಿರುಗಿ ನೋಡಿದರೆ ತಡವಾಯಿತು. ಭುಜದ ಮೇಲಿಂದ ಎರಡು ಸಲ ನೋಡಬೇಕು: ಸೆಂಟರ್ ಬ್ಯಾಕ್‌ಗೆ ಪಾಸ್ ಹೋಗುತ್ತಿರುವಾಗ ಒಮ್ಮೆ, ಅವನು ಚೆಂಡು ಮುಟ್ಟಿದಾಗ ಇನ್ನೊಮ್ಮೆ. ಮೈ ಓರೆಯಾಗಿರಲಿ, ಚೆಂಡು ಪಾಸ್ ಬರುವ ಕಡೆಯಿಂದ ದೂರವಿರುವ ಕಾಲಿಗೆ ಬರಲಿ.

ಮನೆಯ ಹತ್ತಿರದ ಗ್ರೌಂಡ್‌ನಲ್ಲಿ ಹೀಗೆ ಮಾಡಿಸಿ. ಗೆಳೆಯನೊಬ್ಬ 12 ಮೀಟರ್ ದೂರದಿಂದ ಪಾಸ್ ಕೊಡಲಿ. ನೀವು ಮಗನ ಬೆನ್ನ ಹಿಂದೆ 6 ಮೀಟರ್ ದೂರ ನಿಂತು ಬೆರಳು ತೋರಿಸಿ, ನಡುನಡುವೆ ಬರೀ ಮುಷ್ಟಿ. ಚೆಂಡು ತಲುಪುವ ಮೊದಲೇ ಅವನು ಬೆರಳುಗಳ ಸಂಖ್ಯೆ ಕೂಗಬೇಕು. ಬೆರಳು ಕಂಡರೆ ತಿರುಗುವುದು, ಮುಷ್ಟಿ ಕಂಡರೆ ಒಂದೇ ಟಚ್‌ನಲ್ಲಿ ವಾಪಸ್. 5 ನಿಮಿಷದ ಮೂರು ಸುತ್ತು ಸಾಕು. ಮೊದಲ ದಿನ ಕೂಗಲು ಹೋಗಿ ಚೆಂಡೇ ತಪ್ಪುತ್ತದೆ, ಬೈಯಬೇಡಿ.

4-4-2ರಲ್ಲಿ ಇನ್ನೊಂದು ಕಷ್ಟವಿದೆ. ಪೂರ್ಣ ಅಳತೆಯ ಗ್ರೌಂಡ್ 68 ಮೀಟರ್ ಅಗಲ, ಮಧ್ಯ ಕಾಯುವವರು ಇಬ್ಬರೇ. ಜೊತೆಗಾರ ಮುಂದೆ ಹೋದರೆ ಇವನು ನಿಲ್ಲಲೇಬೇಕು. ಇಬ್ಬರೂ ಹೋದರೆ ಡಿಫೆನ್ಸ್ ಮುಂದೆ ತೆರವಾಗುವ ಜಾಗದಲ್ಲಿ ಎದುರಾಳಿಯ ಹತ್ತನೇ ನಂಬರಿನವನು (ಸ್ಟ್ರೈಕರ್ ಹಿಂದೆ ಆಡುವವನು) ಆರಾಮವಾಗಿ ಕೂರುತ್ತಾನೆ.

ಕೋಚ್ ಹತ್ತಿರ ನೀವು ಹೋಗಬೇಡಿ, ಹುಡುಗನೇ ಹೋಗಲಿ. ಪಂದ್ಯದ ದಿನ ಬೇಡ, ಪ್ರಾಕ್ಟೀಸ್ ಮುಗಿದ ಮೇಲೆ. ‘ನನ್ನನ್ನು ಮುಂದೆ ಆಡಿಸಿ ಸರ್’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಕೇಳಬೇಕಾದ್ದು ಇಷ್ಟು: ನಮ್ಮ ಹತ್ತಿರ ಚೆಂಡಿದ್ದಾಗ ನಾನು ಎಲ್ಲಿವರೆಗೆ ಹೋಗಬಹುದು? ಕಳೆದ ಕೂಡಲೇ ಚೆಂಡಿನ ಮೇಲೆ ಬೀಳಬೇಕೋ, ಹಿಂದೆ ಓಡಬೇಕೋ? ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಮೇಲೆ ಹೋದಾಗ ಅವನ ಜಾಗ ಯಾರದು?

ಕೋಚ್‌ಗಳೂ ತಪ್ಪುತ್ತಾರೆ. ನಮ್ಮ ಅರ್ಧದಲ್ಲಿ ಮಗ ಕಳೆದುಕೊಂಡ ಚೆಂಡುಗಳನ್ನು ಪಂದ್ಯ ಪಂದ್ಯಕ್ಕೂ ಚೀಟಿಯಲ್ಲಿ ಬರೆದಿಡಿ. ಲೆಕ್ಕ ಇಳಿಯುತ್ತಿದ್ದರೆ ಕಾಯಿರಿ. ಎಂಟು ಪಂದ್ಯವಾದರೂ ಇಳಿಯದಿದ್ದರೆ ಆ ಕೆಲಸ ಅವನದಲ್ಲ, ಆಗ ಚೀಟಿ ಹಿಡಿದು ನೀವೇ ಮಾತಾಡಿ.

ಪ್ರಶ್ನೆ: 8ನೇ ನಂಬರ್ ಜರ್ಸಿ ಕೊಟ್ಟರೆ 8ರ ಕೆಲಸವನ್ನೇ (ಮಧ್ಯದಲ್ಲಿ ಹಿಂದೆ ಮುಂದೆ ಓಡುವುದು) ಮಾಡಬೇಕೇ? (ಪೊಂಡಾ)

ಉತ್ತರ: ಇಲ್ಲ. ಮಿಡ್‌ಫೀಲ್ಡರ್ ಯಾಯಾ ಟೂರೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ಹಾಕಿದ್ದು 42. ಅದಕ್ಕೂ ಮೊದಲು ಬಾರ್ಸಿಲೋನಾ ಕೋಚ್ ಗುವಾರ್ಡಿಯೋಲಾ 2009ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅವನನ್ನು ಸೆಂಟರ್ ಬ್ಯಾಕ್ ಆಡಿಸಿದ್ದರು. 2013-14ರಲ್ಲಿ ಸಿಟಿ ಕೋಚ್ ಪೆಲೆಗ್ರಿನಿ ಕೈಯಲ್ಲಿ ಅವನೇ ಲೀಗ್‌ನಲ್ಲಿ 20 ಗೋಲು ಹೊಡೆದ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕೋಚ್ ಬರೀ ಉದ್ದ ಒದೆಸುತ್ತಾರೆ. ಮಿಡ್‌ಫೀಲ್ಡರ್‌ಗೆ ಏನು ಕೆಲಸ? (ಮಡಗಾಂವ್)

ಉತ್ತರ: ನೀರು ನಿಂತ ಗ್ರೌಂಡ್‌ನಲ್ಲಿ ಸಣ್ಣ ಪಾಸ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಕೋಚ್ ಮಾಡುತ್ತಿರುವುದು ಸರಿ. ಆಗ ನಿಮ್ಮ ಕೆಲಸ ಸ್ಟ್ರೈಕರ್ ಹೆಡ್ ಮಾಡಿದ ಮೇಲೆ ಕೆಳಗೆ ಬೀಳುವ ಚೆಂಡು. ಅವನ ಕಾಲಡಿಗೇ ಹೋಗಿ ನಿಂತರೆ ಚೆಂಡು ತಲೆ ಮೇಲೆ ದಾಟಿ ಹೋಗುತ್ತದೆ. 8ರಿಂದ 10 ಮೀಟರ್ ಹಿಂದೆ ನಿಂತು ಮುಂದಕ್ಕೆ ಓಡಿ ಬನ್ನಿ. ಕೊಚ್ಚೆಯಲ್ಲಿ ಚೆಂಡು ಪುಟಿಯುವುದಿಲ್ಲ, ಪುಟಿಯಲಿ ಎಂದು ಕಾಯುವವನು ಅದನ್ನು ಕಳೆದುಕೊಳ್ಳುತ್ತಾನೆ.