ಬೀಗ ಹಾಕಿದ ಮನೆಗೂ ಕರೆಂಟ್ ಬಿಲ್ಲೇ?

ಶಿಡ್ಲಘಟ್ಟದ ಓದುಗರೊಬ್ಬರು ಬರೆದಿರುವ ಪತ್ರದ ಸಾರವಿಷ್ಟು: ಅವರು ಈಗ ಚಿಕ್ಕಬಳ್ಳಾಪುರದಲ್ಲಿ ವಾಸವಾಗಿದ್ದು, ಊರಿನ ಹಳೆಯ ಮನೆಗೆ ಬೀಗ ಹಾಕಿದ್ದಾರೆ. ರೇಷ್ಮೆ ಗೂಡಿನ ಬೆಲೆ ಏರಿದ್ದರಿಂದ, ಗೂಡಿನಿಂದ ನೂಲು ತೆಗೆಯುವ ತಮ್ಮ ರೀಲಿಂಗ್ ಘಟಕವನ್ನೂ ಕೆಲಕಾಲ ನಿಲ್ಲಿಸಿದ್ದರು. ಎರಡು ಕಡೆಯೂ ಮೀಟರ್ ತಿರುಗಿಲ್ಲ, ಬಿಲ್ ಮಾತ್ರ ತಪ್ಪದೆ ಬಂದಿದೆ. ‘ಉರಿಸದ ಕರೆಂಟಿಗೆ ದುಡ್ಡು ಕೇಳುವುದು ಯಾವ ನ್ಯಾಯ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಬಿಲ್ಲಿನಲ್ಲಿರುವುದು ನಿಗದಿತ ಶುಲ್ಕ. ಅದನ್ನು ಉರಿಸಿದ ಯೂನಿಟ್ಟಿನ ಮೇಲೆ ಲೆಕ್ಕ ಹಾಕುವುದಿಲ್ಲ, ಮಂಜೂರಾದ ಲೋಡಿನ ಮೇಲೆ, ಅಂದರೆ ಒಟ್ಟಿಗೆ ಎಷ್ಟು ಕಿಲೋವಾಟ್ ಬಳಸಬಹುದೆಂದು ನಿಮ್ಮ ಸಂಪರ್ಕಕ್ಕೆ ಗೊತ್ತುಮಾಡಿದ ಮಿತಿಯ ಮೇಲೆ ಹಾಕುತ್ತಾರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 45ನೇ ಕಲಮು ಇದಕ್ಕೆ ಅವಕಾಶ ಕೊಟ್ಟಿರುವುದರಿಂದ ಬೆಸ್ಕಾಂ ಕಾನೂನು ಮೀರಿದೆ ಎನ್ನಲಾಗದು. ಗೃಹಜ್ಯೋತಿಯಲ್ಲಿ ಒಬ್ಬರ ಹೆಸರಿನ ಒಂದೇ ಮೀಟರಿಗೆ ಸೌಲಭ್ಯವಿದ್ದು, ನೀವು ಅದನ್ನು ಚಿಕ್ಕಬಳ್ಳಾಪುರದ ಮನೆಗೆ ಪಡೆದಿರುವುದರಿಂದ ಹಳೆಯ ಮನೆಗೆ ಸಿಗುವುದಿಲ್ಲ. ರೀಲಿಂಗ್ ಘಟಕಕ್ಕೆ ಆ ಯೋಜನೆ ಮೊದಲೇ ಅನ್ವಯಿಸುವುದಿಲ್ಲ.

ಶುಲ್ಕದ ಹಿಂದಿನ ತರ್ಕವನ್ನು ನಾವು ಒಪ್ಪುತ್ತೇವೆ. ನೀವು ಸ್ವಿಚ್ ಹಾಕಿದರೂ ಹಾಕದಿದ್ದರೂ ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಸಂಬಳ ಇವುಗಳ ಖರ್ಚು ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ಹೊರೆ ಕಣ್ಣಿಗೆ ಕಾಣದೆ ಇರುವಂಥದ್ದು: ರಾಯಚೂರು, ಬಳ್ಳಾರಿಯಂತಹ ಉಷ್ಣ ಸ್ಥಾವರಗಳೊಂದಿಗಿನ ದೀರ್ಘಾವಧಿ ಒಪ್ಪಂದಗಳ ಪ್ರಕಾರ, ವಿದ್ಯುತ್ ಪಡೆಯದ ಹೊತ್ತಿಗೂ ಆ ಸ್ಥಾವರಗಳ ಸಾಮರ್ಥ್ಯಕ್ಕಾಗಿ ಹಣ ತೆರಬೇಕಾಗುತ್ತದೆ. ನಮ್ಮ ನೆರೆಯ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂಥ ಕಡೆಗಳಿಂದ ಹಗಲು ವಿದ್ಯುತ್ ಧಾರಾಳವಾಗಿ ಬಂದಾಗ ಉಷ್ಣ ಸ್ಥಾವರಗಳ ಉತ್ಪಾದನೆಯನ್ನು ತಗ್ಗಿಸುತ್ತಾರೆ, ಆದರೆ ಸಾಮರ್ಥ್ಯದ ಬಾಬ್ತು ತಗ್ಗುವುದಿಲ್ಲ.

ನಮ್ಮ ತಕರಾರು ಇರುವುದು ಹೊರೆಯನ್ನು ಹಂಚಿದ ರೀತಿಯ ಬಗ್ಗೆ. 2025ರ ಏಪ್ರಿಲ್ 1ರಿಂದ ಗೃಹಬಳಕೆಯ ನಿಗದಿತ ಶುಲ್ಕ ಒಂದು ಕಿಲೋವಾಟಿಗೆ ತಿಂಗಳಿಗೆ 120 ರೂಪಾಯಿಯಿಂದ 145ಕ್ಕೆ ಏರಿತು; ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ದರ ಇಳಿದಿದೆ ಎಂಬ ಮಾತೇ ಹೆಚ್ಚು ಕೇಳಿಬಂದಿತು. ಮೂರು ಕಿಲೋವಾಟಿನ ಮನೆಗೆ ಇದನ್ನು ಅನ್ವಯಿಸಿ ನೋಡಿ: ನಿಗದಿತ ಶುಲ್ಕ 360ರಿಂದ 435ಕ್ಕೆ, ಅಂದರೆ 75 ರೂಪಾಯಿ ಹೆಚ್ಚಾಯಿತು. ಯೂನಿಟ್ಟಿಗೆ ಹತ್ತು ಪೈಸೆಯಂತೆ ಆ 75 ರೂಪಾಯಿ ವಾಪಸು ಬರಬೇಕಾದರೆ ತಿಂಗಳಿಗೆ 750 ಯೂನಿಟ್ ಉರಿಸಬೇಕು! ಅದೇ ದಿನದಿಂದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರ್ಯಾಚುಯಿಟಿ ಬಾಬ್ತಿನಲ್ಲಿ ಯೂನಿಟ್ಟಿಗೆ 36 ಪೈಸೆ ಬೇರೆ ಸೇರಿದ್ದರಿಂದ ಆ ಹತ್ತು ಪೈಸೆಯ ಉಪಕಾರವೂ ಉಳಿಯಲಿಲ್ಲ. ಮಿತವಾಗಿ ಬಳಸುವವರ ಮೇಲೆ ಹೆಚ್ಚು ಭಾರ ಬೀಳುವ ಏರ್ಪಾಡು ಇದು. ಇದರ ವಿರುದ್ಧ ದೊಡ್ಡ ದನಿ ಏಳದಿರುವುದಕ್ಕೂ ಕಾರಣವಿದೆ. ಗೃಹಜ್ಯೋತಿಯ ಶೂನ್ಯ ಬಿಲ್ ಪಡೆಯುವವರ ಬದಲಿಗೆ ಸರ್ಕಾರವೇ ಪಾವತಿಸುವುದರಿಂದ, ಏರಿಕೆಯ ಬಿಸಿ ತಟ್ಟುವುದು ನಿಮ್ಮಂತೆ ಎರಡನೆಯ ಮೀಟರ್ ಇರುವವರಿಗೆ, 200 ಯೂನಿಟ್ ದಾಟುವವರಿಗೆ ಮತ್ತು ಅಂಗಡಿ, ಕಾರ್ಖಾನೆಗಳವರಿಗೆ.

ಬ್ರಿಟನ್ನಿನಲ್ಲಿ ಇಂಥ ಶುಲ್ಕವನ್ನು ದಿನಕ್ಕಿಷ್ಟು ಪೆನ್ಸ್ ಎಂದು ವಿಧಿಸುತ್ತಾರೆ. 2021ರಲ್ಲಿ ಸಾಲುಸಾಲಾಗಿ ದಿವಾಳಿಯಾದ ಕಂಪನಿಗಳ ಗ್ರಾಹಕರನ್ನು ಬೇರೆಡೆಗೆ ವರ್ಗಾಯಿಸಿದ ಖರ್ಚನ್ನೂ ಅಲ್ಲಿ ಇದೇ ಬಾಬ್ತಿಗೆ ಸೇರಿಸಿದರು. ಉಳಿತಾಯ ಮಾಡಿ ತಪ್ಪಿಸಿಕೊಳ್ಳಲಾಗದ ಬಾಬ್ತಿನೊಳಗೆ ಏನನ್ನಾದರೂ ತುಂಬಿಬಿಡುವ ಆಸೆ ಎಲ್ಲ ಕಡೆಯೂ ಇದ್ದಂತಿದೆ.

ನೀವು ಮಾಡಬಹುದಾದದ್ದು ಇದು. ಹಳೆಯ ಮನೆಯ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ, ದೀಪ ಮತ್ತು ಫ್ಯಾನಿಗೆ ಸಾಕಾಗುವಷ್ಟಕ್ಕೆ ಇಳಿಸಿಕೊಡುವಂತೆ ಉಪವಿಭಾಗ ಕಚೇರಿಗೆ ಅರ್ಜಿ ಕೊಡಿ. ಮೂರು ಕಿಲೋವಾಟ್ ಒಂದಕ್ಕೆ ಇಳಿದರೆ ಮೇಲಿನ ದರದಲ್ಲಿ ತಿಂಗಳಿಗೆ 290 ರೂಪಾಯಿ ಉಳಿಯುತ್ತದೆ. ಘಟಕದ ಲೋಡನ್ನು ಮಾತ್ರ ಅವಸರದಲ್ಲಿ ಇಳಿಸಬೇಡಿ. ಗೂಡಿನ ಬೆಲೆ ಇಳಿದು ಮೋಟಾರ್‌ಗಳೆಲ್ಲ ಮತ್ತೆ ಒಟ್ಟಿಗೆ ಓಡಿದ ದಿನ ಬೇಡಿಕೆ ಮಂಜೂರಾತಿಯನ್ನು ಮೀರಿದರೆ ಹೆಚ್ಚುವರಿ ಶುಲ್ಕ ಬೀಳಬಹುದು. ದರ ಪರಿಷ್ಕರಣೆಯ ಅರ್ಜಿಯನ್ನು ಪ್ರಕಟಿಸಿದ ಮೇಲೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪರಿಗಣಿಸಲೇಬೇಕು ಎಂದು ಕಾಯ್ದೆಯ 64ನೇ ಕಲಮು ಹೇಳುತ್ತದೆ. ಮುಂದಿನ ಅರ್ಜಿ ಪ್ರಕಟವಾದಾಗ, ಘಟಕ ನಿಂತಿದ್ದ ತಿಂಗಳುಗಳ ಬಿಲ್ಲುಗಳನ್ನೂ ಲಗತ್ತಿಸಿ ನಿಮ್ಮ ಊರಿನ ರೀಲರ್‌ಗಳೆಲ್ಲ ಸೇರಿ ಒಂದು ಆಕ್ಷೇಪಣೆ ಸಲ್ಲಿಸಿ.

– ಸಂಪಾದಕ