ಕಡಲ ಎಂಜೈಮ್ ಬಂದರೆ ಜೀನ್ಸ್ ವಾಷಿಂಗ್‌ಗೆ ಬಾಯ್ಲರ್ ಬೇಡವೇ?

ಬಳ್ಳಾರಿಯಲ್ಲಿ ಚಿಕ್ಕ ಜೀನ್ಸ್ ವಾಷಿಂಗ್ ಘಟಕ ನಡೆಸುತ್ತಿದ್ದೀರಿ. 'ಇದು ಸಮುದ್ರದ ಸೂಕ್ಷ್ಮಜೀವಿಯ ಎಂಜೈಮ್, ತಣ್ಣೀರೇ ಸಾಕು' ಎಂದು ಒಬ್ಬ ಮಾರಾಟಗಾರ ದುಬಾರಿ ಕ್ಯಾನ್ ತೋರಿಸಿದ್ದಾನೆ, ನಂಬಬಹುದೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ವಾಷಿಂಗ್ ರಸಾಯನಗಳ ಕೆಲಸ ಮಾಡುವವನು ನಾನು. ಅವನ ಮಾತು ಪೂರ್ತಿ ಬುರುಡೆಯಲ್ಲ. ಆದರೆ 'ಸಮುದ್ರ' ಎಂಬ ಹೆಸರಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಹತ್ತಿಯ ನಾರನ್ನು ಕತ್ತರಿಸುವ, ನಾವು ಬಳಸುವ ಎಂಜೈಮ್ (ಅಂದರೆ ಕಿಣ್ವ) ಆದ ಸೆಲ್ಯುಲೇಸ್‌ಗೆ ಪ್ರಸಿದ್ಧ ಮೂಲ ಟ್ರೈಕೋಡರ್ಮಾ ರೀಸೈ ಎಂಬ ನೆಲದ ಶಿಲೀಂಧ್ರ. ಎರಡನೇ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕ ಸೇನೆಯ ಹತ್ತಿ ಡೇರೆಗಳನ್ನು ತಿಂದುಹಾಕಿದ್ದು ಇದೇ ಬೂಷ್ಟು! ಡೆನಿಮ್ ನೂಲಿನ ನೀಲಿ ಮೇಲುಮೇಲಷ್ಟೇ ಇರುತ್ತದೆ, ಒಳಗೆಲ್ಲ ಬಿಳಿ. ಕಿಣ್ವವು ಮೇಲಿನ ಎಳೆಗಳನ್ನು ಸಡಿಲಿಸುತ್ತದೆ, ಡ್ರಮ್ಮಿನ ಉಜ್ಜಾಟಕ್ಕೆ ಅವು ಉದುರುವಾಗ ಬಣ್ಣವೂ ಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ 50–55 ಡಿಗ್ರಿ ಬಿಸಿನೀರು ಬೇಕು.

ಆಳ ಕಡಲಿನ ನೀರು ಬಹುತೇಕ 4 ಡಿಗ್ರಿಗಿಂತ ತಣ್ಣಗಿರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳ ಕಿಣ್ವಗಳ ರಚನೆ ಬಿಗಿಯಿಲ್ಲದೆ ಸುಲಭವಾಗಿ ಬಾಗುವಂಥದ್ದು, ಹಾಗಾಗಿ ಚಳಿಯಲ್ಲೂ ಚುರುಕು. ಅದೇ ಗುಣದಿಂದ ಬಿಸಿಗೆ ಬೇಗ ಕೆಡುತ್ತವೆ. ನಮ್ಮ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಕ್ಯಾನ್ ಇಟ್ಟರೆ ಏನಾದೀತು ಎಂದು ಅವನನ್ನೇ ಕೇಳಿ.

ಎಲ್ಲ ಕಡಲ ಕಿಣ್ವವೂ ಹಾಗಲ್ಲ. ಇಟಲಿಯ ವಲ್ಕಾನೋ ದ್ವೀಪದ ಬಿಸಿ ಕಡಲ ಕೆಸರಿನಲ್ಲಿ ಸಿಕ್ಕ ಪೈರೋಕಾಕಸ್ ಫ್ಯೂರಿಯೋಸಸ್ ಎಂಬ ಸೂಕ್ಷ್ಮಜೀವಿಯನ್ನು 1986ರಲ್ಲಿ ಫಿಯಾಲಾ ಮತ್ತು ಸ್ಟೆಟರ್ ವರದಿ ಮಾಡಿದರು. 100 ಡಿಗ್ರಿಯಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ. ಅದರ ಪಾಲಿಮರೇಸ್ ಎಂಬ ಕಿಣ್ವ ಡಿಎನ್ಎ ನಕಲು ಮಾಡುವಾಗ ಬಿದ್ದ ತಪ್ಪನ್ನು ತಾನೇ ತಿದ್ದುತ್ತದೆ. ಪ್ರಯೋಗಾಲಯಗಳಲ್ಲಿ ಅದಕ್ಕೆ ಭಾರಿ ಬೇಡಿಕೆ. ನನ್ನ ಅಭಿಪ್ರಾಯದಲ್ಲಿ ಕಡಲ ಕಿಣ್ವಗಳು ನಿಜವಾಗಿ ಮೆರೆದಿರುವುದು ಅಲ್ಲೇ, ನಮ್ಮ ಡ್ರಮ್ಮುಗಳಲ್ಲಲ್ಲ.

ಅಪರೂಪದ ಸರಕು ಎಂಬ ಮಾತಿಗೂ ಮರುಳಾಗಬೇಡಿ. ಕಿಣ್ವದ ವಂಶವಾಹಿಯನ್ನು (ಜೀನ್), ಸಾಕಲು ಸುಲಭವಾದ ಬ್ಯಾಕ್ಟೀರಿಯಾಕ್ಕೋ ಯೀಸ್ಟ್‌ಗೋ ಸೇರಿಸಿ ಟ್ಯಾಂಕಿನಲ್ಲಿ ಬೆಳೆಸುತ್ತಾರೆ. ಪ್ರತಿ ಕ್ಯಾನಿಗೂ ಯಾರೂ ಕಡಲಿಗೆ ಇಳಿಯುವುದಿಲ್ಲ.

ಸ್ಯಾಂಪಲ್ ಪಡೆದು ನಿಮ್ಮದೇ ಕೊಳವೆಬಾವಿ ನೀರಿನಲ್ಲಿ ಒಂದು ಲಾಟ್ ಹಾಕಿ ನೋಡಿ. ಜೇಬಿನ ಒಳಗಿನ ಬಿಳಿ ಬಟ್ಟೆ ನೀಲಿಯಾಗಿದ್ದರೆ ಬಿಟ್ಟ ಬಣ್ಣ ಮತ್ತೆ ಹತ್ತಿಕೊಂಡಿದೆ ಎಂದರ್ಥ. ಕೊನೆಗೆ, ಕೆಲಸ ಮುಗಿದ ಮೇಲೆ ಕಿಣ್ವವನ್ನು ಕೊಲ್ಲುವುದು ಹೇಗೆ ಎಂದು ಕೇಳಿ, ಇಲ್ಲದಿದ್ದರೆ ಬಟ್ಟೆ ಪಿಸಿಯುತ್ತದೆ. '80 ಡಿಗ್ರಿಗೆ ಕಾಯಿಸಿ' ಎಂದರೆ ಬಾಯ್ಲರ್ ಹಚ್ಚುವುದು ತಪ್ಪಲಿಲ್ಲ. ಬಟ್ಟೆ ಸೋಡಾ ಹಾಕಿ ನೀರಿನ ಪಿಎಚ್ (ಕ್ಷಾರದ ಮಟ್ಟ) ಏರಿಸಿದರೆ ಸಾಕು ಎಂದರೆ ಕೂರಿಸಿ ದರದ ಮಾತಾಡಿ.